ಕಿಟಕಿಗಳ ನಡವಳಿಕೆ

ಅಂದಿನ ಅವಾಂತರಕ್ಕೆಲ್ಲ ಕಾರಣ ಒಂದು ಟಿಕ್ ಗುರುತು. ಅದನ್ನು ಹಾಕಿದವನು ಒತ್ತಕ್ಷರ.

ಅದೇನೂ ಹೆತ್ತವರು ಇಟ್ಟ ಹೆಸರಲ್ಲ. ಮುದ್ರಣಾಲಯದಲ್ಲಿ ಕರಡು ತಿದ್ದುತ್ತಾ ಅರ್ಧ ಆಯುಷ್ಯ ಕಳೆದ ಆ ಮನುಷ್ಯನಿಗೆ ಎಲ್ಲಾದರೂ ಒಂದು ಒತ್ತಕ್ಷರ ಬಿಟ್ಟುಹೋಗಿದ್ದು ಕಂಡರೆ ಊಟ ಸೇರುತ್ತಿರಲಿಲ್ಲ. ತಾನಿದ್ದ ಕಟ್ಟಡದ ಗೇಟಿನ ಮೇಲೆ ಯಾರೋ 'ವಾಹನ ನಿಲಿಸಬಾರದು' ಎಂದು ಬರೆದಿದ್ದಕ್ಕೆ, ಕೆಂಪು ಬಣ್ಣ ಹಿಡಿದುಕೊಂಡು ಹೋಗಿ 'ಲಿ'ಗೆ ಇನ್ನೊಂದು ಲಕಾರ ತಗಲಿಸಿ ಬಂದಿದ್ದ. ಆಮೇಲೆ ಅವನ ನಿಜವಾದ ಹೆಸರು ಹಿಡಿದು ಕರೆಯುವವನು ಅಂಚೆಯವನೊಬ್ಬನೇ ಆದ.

ಮುದ್ರಣಾಲಯ ಮುಚ್ಚಿದ ಮೇಲೆ ಒತ್ತಕ್ಷರನಿಗೆ ಕೆಲಸವಿರಲಿಲ್ಲ. ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು, ಸಾಲದ್ದಕ್ಕೆ ಕಟ್ಟಡದ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಯೂ ಆಗಿದ್ದಳು. ಇವನು ಮನೆಯಲ್ಲಿ ಕೂತು ಹಾಲಿನ ಪ್ಯಾಕೆಟ್ಟಿನ ಮೇಲಿನ ಕಾಗುಣಿತ ತಿದ್ದುತ್ತಿದ್ದ. ಹೀಗಿರುವಾಗ ಒಂದು ಪ್ರಕಾಶನದವರು ಕಂಪ್ಯೂಟರ್ ಕಲಿಸುವ ದಪ್ಪ ಪುಸ್ತಕವೊಂದನ್ನು ಕನ್ನಡಕ್ಕೆ ತರಲು ಹೊರಟರು. ಮಾದರಿಗೆ ಒಂದು ಅಧ್ಯಾಯ ಮಾಡಿಕೊಡಿ, ಹಿಡಿಸಿದರೆ ಇಡೀ ಪುಸ್ತಕ ನಿಮಗೇ ಎಂದರು ಅಲ್ಲಿಯ ಸಂಪಾದಕರು. ಆ ಅಧ್ಯಾಯದ ಹಾಳೆಗಳನ್ನೂ ಕಳಿಸಿದರು. ಜೊತೆಗೊಂದು ಷರತ್ತು: "ಇಂಗ್ಲಿಷ್ ಪದ ಒಂದೂ ಇರಕೂಡದು. ಮೌಸ್ ಅಂತ ಕಂಡರೆ ಹಾಗೇ ವಾಪಸ್. ಇಲಿ ಅನ್ನಿ." ಅದರಂತೆ ಮೌಸ್ ಇಲಿಯಾಯಿತು, ವಿಂಡೋ ಕಿಟಕಿಯಾಯಿತು, ಫೋಕಸ್ ಗಮನವಾಯಿತು. ಕೊಟ್ಟ ಗಡುವು ಅಂದು ಸಂಜೆ ಐದಕ್ಕೆ ಮುಗಿಯುತ್ತಿತ್ತು.

ಒತ್ತಕ್ಷರನಿಗೆ ಈ ಕೆಲಸ ಬೇಕೇ ಬೇಕಿತ್ತು. ಬೆಳಗ್ಗೆ ಎದ್ದರೆ ಕೂತು ಮಾಡಲಿಕ್ಕೆ ಏನಾದರೊಂದು ಇರುತ್ತದಲ್ಲ ಎಂಬ ಆಸೆ ಒಂದು ಕಡೆ. ಯಾರಾದರೂ "ನಿಮ್ಮ ಯಜಮಾನರು ಈಗ ಏನ್ಮಾಡ್ತಿದ್ದಾರೆ?" ಎಂದು ಕೇಳಿದಾಗ ಹೆಂಡತಿ ಮಾತು ಮರೆಸುವುದು ತಪ್ಪುತ್ತದಲ್ಲ ಎಂಬ ಆಸೆ ಅದಕ್ಕಿಂತ ದೊಡ್ಡದು.

ಬೆಳಗ್ಗೆ ಹೆಂಡತಿ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದಳು. "ರೀ, ಇವತ್ತು ನೀರಿನ ಟ್ಯಾಂಕು ತೊಳೆಯೋರು ಬರ್ತಾರೆ. ಸ್ವಲ್ಪ ಏಳಿ, ಗುಂಪಿಗೊಂದು ಮಾತು ಹಾಕಿಬಿಡ್ತೀನಿ."

ಅವನ ಕಂಪ್ಯೂಟರಿನಲ್ಲೇ ಕಟ್ಟಡದವರ ಸಂದೇಶದ ಗುಂಪನ್ನು ತನ್ನ ಹೆಸರಿನಲ್ಲಿ ತೆರೆದು, 'ನೀರು ಹಿಡಿದಿಟ್ಟುಕೊಳ್ಳಿ. ಇವತ್ತು ಇಲ್ಲಿ ಬರುವ ಸೂಚನೆಗಳನ್ನು ಎಲ್ಲರೂ ತಪ್ಪದೆ ಪಾಲಿಸಿ. ಇಂತಿ ಕಾರ್ಯದರ್ಶಿ' ಎಂದು ಹಾಕಿದಳು. ಅದನ್ನು ಮುಚ್ಚದೆ ಹಾಗೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡಳು.

"ಐದಕ್ಕೆ ಮುಂಚೆ ಕಳಿಸಿಬಿಡ್ರೀ. ಒಂದು ಪದ ಹಿಡ್ಕೊಂಡು ಜಗ್ಗಾಡ್ತಾ ಕೂರಬೇಡಿ," ಎಂದು ಹೇಳಿ ಹೋದಳು. ಅವಳ ಶಾಲೆಯಲ್ಲಿ ಟೀಚರುಗಳು ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಕು. ಶಾಲೆ ಬಿಡುವ ತನಕ ಅವಳಿಗೆ ಹೊರಗಿನ ಸುದ್ದಿ ತಲುಪುವಂತಿರಲಿಲ್ಲ.

ಒತ್ತಕ್ಷರನೂ ತನ್ನ ಫೋನು ಆರಿಸಿ, ಕರೆಗಂಟೆಯ ತಂತಿ ಕಿತ್ತಿಟ್ಟು, ಬಾಗಿಲಿಗೆ ಚಿಲಕ ಹಾಕಿ ಕೂತ. ಅಧ್ಯಾಯದ ಹೆಸರು 'ಕಿಟಕಿಗಳ ನಡವಳಿಕೆ'. ಪರದೆಯ ಮೇಲೆ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋಗಲು ಇಲಿಯನ್ನು ಟಿಕ್ಕೆಂದು ಒತ್ತುವುದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಒತ್ತುವ ಗೋಜೇ ಇಲ್ಲದೆ, ಇಲಿಯ ಬಾಣ ಎಲ್ಲಿದೆಯೋ ಆ ಕಿಟಕಿಯೇ ನಾವು ಬರೆದದ್ದನ್ನು ತೆಗೆದುಕೊಳ್ಳುವಂತೆ ಮಾಡುವುದು ಹೇಗೆ ಎಂಬುದನ್ನು ಈ ಅಧ್ಯಾಯ ಕಲಿಸುತ್ತಿತ್ತು. ತಾನು ಮಾಡಿ ನೋಡದ ಏರ್ಪಾಟಿನ ಬಗ್ಗೆ ಒಂದು ಸಾಲನ್ನೂ ಅನುವಾದಿಸಬಾರದೆಂಬುದು ಒತ್ತಕ್ಷರನ ಹಠ. ಹಾಗಾಗಿ ಮೊದಲು 'ಗಮನ ಇಲಿಯನ್ನು ಹಿಂಬಾಲಿಸಲಿ' ಎಂಬಲ್ಲಿ ಟಿಕ್ ಹಾಕಿದ. ಬಾಣವನ್ನು ಅತ್ತ ಇತ್ತ ಓಡಿಸಿ ನೋಡಿ ಖುಷಿಪಟ್ಟ.

ಈ ಏರ್ಪಾಟಿನಲ್ಲಿ ಒಂದು ಕಿತಾಪತಿಯಿದೆ. ಬಾಣ ಹಿಂದಿನ ಕಿಟಕಿಯ ಒಂದು ತುದಿಯ ಮೇಲೆ ನಿಂತರೂ ಸಾಕು, ಬರೆದದ್ದೆಲ್ಲ ಅದಕ್ಕೇ ಹೋಗುತ್ತದೆ. ಮುಂದಿರುವ ಕಿಟಕಿ ಮಾತ್ರ ಏನೂ ಆಗಿಲ್ಲವೆಂಬಂತೆ ಮುಂದೇ ನಿಂತಿರುತ್ತದೆ. ಹೆಂಡತಿಯ ಎದುರು ಕೂತು ತಲೆಯಾಡಿಸುತ್ತಾ ಕಿವಿಯನ್ನು ಪಕ್ಕದ ಕೋಣೆಯ ಟೀವಿಗೆ ಕೊಟ್ಟಿರುವ ಗಂಡನ ಹಾಗೆ.

ಅಧ್ಯಾಯದ ಹೆಸರು ಬರೆದು, ಒತ್ತಕ್ಷರ ನಿಘಂಟನ್ನು ಎಳೆದು ಮೇಜಿನ ಮೇಲೆ ಬಿಚ್ಚಿದ. ಆ ನಿಘಂಟು ಇಲಿಗೆ ತಗಲಿತು. ಇಲಿ ಒಂದಿಷ್ಟು ಜರುಗಿತು. ಬಾಣ ಹೋಗಿ ಹಿಂದೆ ಇಣುಕುತ್ತಿದ್ದ ಕಟ್ಟಡದ ಗುಂಪಿನ ಅಂಚಿನಲ್ಲಿ ಕೂತಿತು. ಒತ್ತಕ್ಷರ ಅದನ್ನು ನೋಡಲಿಲ್ಲ. ಬೆರಳಚ್ಚು ಮಾಡುವಾಗ ಪರದೆ ನೋಡುವುದು ಎಳಸರ ಲಕ್ಷಣ ಎಂದು ಅವನು ನಂಬಿದ್ದ. ಕಣ್ಣನ್ನು ಹಾಳೆಯ ಮೇಲೆ ನೆಟ್ಟು, ಪದ ತೂಗಿ ತೂಗಿ, ಒಂದು ಸಾಲು ಬರೆದು, ಕೆಳಗಿನ ಸಾಲಿಗೆ ಹೋಗುವ ಕೀಲಿ ಒತ್ತಿದ. ಗುಂಪಿನಲ್ಲಿ ಅದೇ ಕೀಲಿ ಒತ್ತಿದರೆ ಸಂದೇಶ ಹೊರಟುಬಿಡುತ್ತದೆ.

ನೆಲಮಹಡಿಯಲ್ಲಿ ಟೈಲರ್ ಸೂಜಿಗೆ ದಾರ ಪೋಣಿಸುತ್ತಿದ್ದ. ಫೋನು ಟಿಂಗೆಂದಿತು. ಕಾರ್ಯದರ್ಶಿಯ ಹೆಸರಿನಲ್ಲಿ ಸೂಚನೆ ಬಂದಿತ್ತು: 'ಇಲಿ ಯಾವ ಕಿಟಕಿಯ ಮೇಲಿದೆಯೋ ಆ ಕಿಟಕಿಯತ್ತ ಗಮನ ಹೋಗಬೇಕು.'

ಟೈಲರ್ ದಾರ ಬಿಟ್ಟು ಎದುರು ಮನೆಗೆ ಓಡಿದ. ಅಲ್ಲಿದ್ದವರು ಸಂಘದ ಅಧ್ಯಕ್ಷರು. ನಿವೃತ್ತ ಡ್ರಿಲ್ ಮಾಸ್ತರು. ನಿವೃತ್ತರಾದರೂ ಕುತ್ತಿಗೆಯಿಂದ ಸೀಟಿ ಇಳಿದಿರಲಿಲ್ಲ.

"ಸಾರ್, ಕಟ್ಟಡಕ್ಕೆ ಇಲಿ ನುಗ್ಗಿದೆಯಂತೆ!"

"ನೋಡ್ದೆ. ಕಾರ್ಯದರ್ಶಿ ಹೇಳಿದ್ಮೇಲೆ ಮುಗೀತು. ಎಲ್ರೂ ಅವರವರ ಕಿಟಕಿ ಕಾಯ್ಲಿ."

ಅಷ್ಟರಲ್ಲಿ ಎರಡನೆಯದು ಬಂತು: 'ಇಲಿಯನ್ನು ಒತ್ತುವ ಅಗತ್ಯವಿಲ್ಲ.'

"ಒತ್ತೋದು ಬೇಡ್ವಂತೆ ಸಾರ್. ಹಂಗಂದ್ರೆ?"

"ಸಾಯಿಸಬಾರದು, ಜೀವಂತ ಹಿಡೀಬೇಕು ಅಂತ ಅರ್ಥ ಕಣಯ್ಯ."

ಆಮೇಲೆ ಬಂದಿದ್ದು, 'ಬೇಡವಾದ ಕಿಟಕಿಗಳನ್ನೆಲ್ಲ ಮುಚ್ಚಿ.' ಅಧ್ಯಕ್ಷರು ಅಂಗಳದಲ್ಲಿ ನಿಂತು ಸೀಟಿ ಊದಿದರು. ಮೂರೂ ಮಹಡಿಗಳಲ್ಲಿ ಕಿಟಕಿಗಳು ಧಡಧಡನೆ ಮುಚ್ಚಿಕೊಂಡವು. ಒಳಗೆ ಕೂತಿದ್ದ ಒತ್ತಕ್ಷರ, ಟ್ಯಾಂಕು ತೊಳೆಯುವವರು ಬಂದರೆಂದು ಕಾಣುತ್ತದೆ, ಎಷ್ಟು ಶಿಸ್ತಿನ ಜನ ಎಂದುಕೊಂಡು ಮುಂದಿನ ಸಾಲಿಗೆ ಪದ ಹುಡುಕತೊಡಗಿದ.

ಆ ಸಾಲಿಗೆ ಅವನು ಬಹಳ ಹೊತ್ತು ತೆಗೆದುಕೊಂಡ. ಅಷ್ಟು ಹೊತ್ತೂ ಜನ ಮುಚ್ಚಿದ ಕಿಟಕಿಗಳ ಹಿಂದೆ ಬೆವರುತ್ತಾ ಫೋನು ನೋಡುತ್ತಾ ನಿಂತಿದ್ದರು. ಕೊನೆಗೆ ಬಂತು: 'ಇಲಿಯನ್ನು ಹಿಡಿದು, ಕೈ ಸಡಿಲಿಸದೆ, ಬಲಗಡೆಯ ಮೇಲಿನ ಮೂಲೆಗೆ ಎಳೆದು ತಂದು ಬಿಡಿ.'

ಅಧ್ಯಕ್ಷರು ಕಟ್ಟಡಕ್ಕೆ ಮುಖ ಮಾಡಿ ನಿಂತು, ತಮ್ಮ ಬಲಗೈ ಯಾವುದೆಂದು ಒಮ್ಮೆ ಖಚಿತಪಡಿಸಿಕೊಂಡು, ಮೇಲೆ ನೋಡಿದರು. ಬಲಗಡೆಯ ಮೇಲಿನ ಮೂಲೆ ದೊಡ್ಡಮ್ಮನ ಮನೆ.

ದೊಡ್ಡಮ್ಮ ಯಾರಿಗೆ ದೊಡ್ಡಮ್ಮನೋ ಯಾರಿಗೂ ತಿಳಿಯದು, ಕಟ್ಟಡದವರೆಲ್ಲ ಹಾಗೇ ಕರೆಯುತ್ತಿದ್ದರು. ಮೆಟ್ಟಿಲ ಮೇಲೆ ಹೂಕುಂಡ ಇಡುವ ವಿಷಯಕ್ಕೆ ಅವರಿಗೂ ಕಾರ್ಯದರ್ಶಿಗೂ ಹೋದ ವಾರವಷ್ಟೇ ಜಟಾಪಟಿಯಾಗಿತ್ತು. ಸೂಚನೆ ಓದಿದ ದೊಡ್ಡಮ್ಮ ಕಿಟಕಿಯನ್ನು ಒಂದಂಗುಲ ತೆರೆದು ಕೂಗಿದರು.

"ಊರಲ್ಲಿರೋ ಇಲೀನೆಲ್ಲ ತಂದು ನನ್ನ ಮನೇಲಿ ಬಿಡಿಸ್ತಾಳಾ ಅವಳು? ಎರಡು ಕುಂಡ ಇಟ್ಟಿದ್ದಕ್ಕೆ ಇಷ್ಟು ಸೇಡಾ? ಬನ್ನಿ, ಅದ್ಯಾರು ಬರ್ತೀರೋ ನಾನೂ ನೋಡ್ತೀನಿ!" ಎಂದವರೇ ಕಿಟಕಿ ಬಡಿದು ಬಾಗಿಲಿಗೆ ಅಗಣಿ ಹಾಕಿಕೊಂಡರು.

"ಸಾರ್, ಮೂಲೆ ಸರಿ, ಇಲಿ ಎಲ್ಲಿದೆ?" ಎಂದ ಟೈಲರ್.

ಇದು ಅಧ್ಯಕ್ಷರಿಗೆ ಹೊಳೆದಿರಲಿಲ್ಲ. ಬೆಳಗಿನಿಂದ ಇಷ್ಟು ಕಣ್ಣುಗಳು ಕಾದರೂ ಒಂದು ಇಲಿಯೂ ಕಂಡಿರಲಿಲ್ಲ. ಆದರೆ ಸೂಚನೆ ಬಂದಮೇಲೆ ಇಲಿ ಇಲ್ಲವೆಂದರೆ ಹೇಗೆ? ಟೈಲರ್ ತಲೆ ಕೆರೆದುಕೊಂಡು, "ನನ್ನ ಅಂಗಡಿ ಬೋನಿಗೆ ಒಂದು ಬಿದ್ದಿದೆ. ಅದು ನಡೆಯುತ್ತಾ?" ಎಂದ.

"ಇಲಿ ಅಂದಿದ್ದಾರೆ. ಇಂಥದ್ದೇ ಅಂದಿಲ್ಲ. ತಗೊಂಡು ಬಾ."

ಟೈಲರ್ ಬೋನು ಎತ್ತಿಕೊಂಡು ಬಂದ. ಅಧ್ಯಕ್ಷರು ಸೀಟಿ ಊದಿ ತಡೆದರು. "ಎತ್ತಬೇಡವೋ! ಎಳೀಬೇಕು ಅಂತ ಇದೆ." ಟೈಲರ್ ಬೋನಿಗೆ ಹಗ್ಗ ಕಟ್ಟಿ, ಕೈ ಸಡಿಲಿಸದೆ, ಒಂದೊಂದೇ ಮೆಟ್ಟಿಲು ಗಡಗಡ ಎಳೆದುಕೊಂಡು ಮೂರನೆಯ ಮಹಡಿಗೆ ಹತ್ತಿದ. ಹಿಂದೆ ಹತ್ತಾರು ಜನ ಮೆರವಣಿಗೆ ಹೊರಟರು. ಒಳಗಿದ್ದ ಇಲಿ ತನಗೆ ಯಾಕಿಷ್ಟು ಮರ್ಯಾದೆ ಎಂದು ತಿಳಿಯದೆ ಕಂಬಿ ಹಿಡಿದು ನೋಡುತ್ತಿತ್ತು.

ದೊಡ್ಡಮ್ಮನ ಬಾಗಿಲ ಮುಂದೆ ನಿಂತಾಗ ಎಲ್ಲರ ಫೋನೂ ಟಿಂಗೆಂದಿತು: 'ಈಗ ಎರಡು ಸಲ ತಟ್ಟಿ. ತೆರೆಯದಿದ್ದರೆ ಮತ್ತೆ ಎರಡು ಸಲ ತಟ್ಟಿ.'

"ಅಬ್ಬಾ, ನಾವು ಬಾಗಿಲ ಹತ್ರ ಬಂದಿದ್ದು ಮೇಡಂಗೆ ಶಾಲೆಯಿಂದಲೇ ಕಾಣಿಸ್ತಿದೆಯಲ್ಲ!" ಎಂದು ಟೈಲರ್ ಭಕ್ತಿಯಿಂದ ಎರಡು ಸಲ ತಟ್ಟಿದ.

"ತೆಗೆಯಲ್ಲ!" ಎಂದರು ಒಳಗಿನಿಂದ.

ಮತ್ತೆ ಎರಡು ಸಲ ತಟ್ಟಿದ.

"ಬೆಳಗಾಗೋವರೆಗೂ ತಟ್ಟು, ತೆಗೆಯಲ್ಲ!"

ಎಲ್ಲರೂ ಫೋನು ನೋಡುತ್ತಾ ಮೆಟ್ಟಿಲ ಮೇಲೆ ಕೂತರು. ಒತ್ತಕ್ಷರ ಆಗ ಒಂದು ಲೋಟ ನೀರು ಕುಡಿದು, ಇಷ್ಟು ಸಲೀಸಾಗಿ ಸಾಗುತ್ತಿರುವ ತನ್ನ ಅನುವಾದದ ಬಗ್ಗೆ ಹೆಮ್ಮೆಪಡುತ್ತಿದ್ದ. ಆಮೇಲೆ ಕೂತು ಮುಂದಿನ ಸಾಲು ಬರೆದ: 'ಇಷ್ಟಾದರೂ ಪ್ರಯೋಜನವಾಗದಿದ್ದರೆ, ನಡೆಯುತ್ತಿರುವುದನ್ನೆಲ್ಲ ನಿಲ್ಲಿಸಿ, ಹೊರಗೆ ಹೋಗಿ, ಮತ್ತೆ ಒಳಗೆ ಬನ್ನಿ.'

ಸೀಟಿ ಮೊಳಗಿತು. ಒಲೆಗಳು ಆರಿದವು. ಅರ್ಧ ಗಡ್ಡ ಹೆರೆದವರು ಅರ್ಧಕ್ಕೇ ಬಿಟ್ಟು ಬಂದರು. ಧಗೆ ತಡೆಯಲಾಗದೆ ದೊಡ್ಡಮ್ಮನೂ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಇಳಿದು ಬಂದರು. ಅವರನ್ನು ಕಂಡದ್ದೇ ಸೂಚನೆ ಕೆಲಸ ಮಾಡಿತೆಂದು ಜನ ಚಪ್ಪಾಳೆ ತಟ್ಟಿದರು. ಎಲ್ಲರೂ ಗೇಟಿನಾಚೆ ಹೋಗಿ ತಿರುಗಿ ಒಳಗೆ ಬಂದರು. ಅಷ್ಟರಲ್ಲಿ, 'ಅಗತ್ಯವಿದ್ದರೆ ಮತ್ತೊಮ್ಮೆ ಹೀಗೇ ಮಾಡಿ' ಎಂದು ಬಂತು. ಮತ್ತೆ ಹೋದರು, ಮತ್ತೆ ಬಂದರು. ಟ್ಯಾಂಕು ತೊಳೆಯಲು ನಿಜವಾಗಿ ಬಂದ ಇಬ್ಬರು, ಬೋನಿನಲ್ಲಿ ಇಲಿ ಎಳೆದುಕೊಂಡು ಒಳಗೂ ಹೊರಗೂ ಅಡ್ಡಾಡುತ್ತಿದ್ದ ಈ ಜನರನ್ನು ಸ್ವಲ್ಪ ಹೊತ್ತು ನೋಡಿ, ಸ್ಕೂಟರು ತಿರುಗಿಸಿಕೊಂಡು ಹೋದರು.

ಶಾಲೆ ಬಿಟ್ಟು ಬಂದ ಹೆಂಡತಿಗೆ ಗೇಟಿನಲ್ಲಿ ಕಂಡದ್ದು ಈ ದೃಶ್ಯ.

"ಮೇಡಂ, ಎಲ್ಲಾ ನಿಮ್ಮ ಆದೇಶದಂತೆ ನಡೀತಿದೆ," ಎಂದರು ಅಧ್ಯಕ್ಷರು ಎದೆಯುಬ್ಬಿಸಿ.

"ಏನಮ್ಮಾ, ನನ್ನ ಮನೆಗೇ ಇಲಿ ಕಳಿಸ್ತೀಯಾ?" ಎಂದರು ದೊಡ್ಡಮ್ಮ.

ಅವಳು ಫೋನು ತೆಗೆದು ಓದಿದಳು. ಒಂದೊಂದು ಸಾಲಿಗೂ ಮುಖ ಒಂದೊಂದು ಬಣ್ಣಕ್ಕೆ ತಿರುಗಿತು. ನಾಚಿಕೆಯಿಂದ ಕುಗ್ಗಿಹೋಗಿ ತನ್ನ ಹೆಸರಿನಲ್ಲಿದ್ದ ಸೂಚನೆಗಳನ್ನೆಲ್ಲ ಎಲ್ಲರ ಫೋನಿನಿಂದಲೂ ಹೋಗುವಂತೆ ಅಳಿಸಿ ಹಾಕಿದಳು. ಆಮೇಲೆ ಮೇಲೆ ಹೋಗಿ ಬಾಗಿಲು ಗುದ್ದಿದಳು. ಹಿಂದೆ ಇಡೀ ಕಟ್ಟಡವೇ ಬಂದಿತ್ತು.

ಒತ್ತಕ್ಷರ ನಗುನಗುತ್ತಾ ಬಾಗಿಲು ತೆಗೆದ. "ಬಂದ್ಯಾ? ಕೊನೇ ಸಾಲೊಂದೇ ಬಾಕಿ ಕಣೇ. ಹೆಂಗೆ ಬಂದಿದೆ ಅಂತೀಯಾ!"

"ಎಲ್ಲಿಗೆ ಬಂದಿದೆ ಅಂತ ಮೊದಲು ನೋಡಿ!"

ನೋಡಿದ. ಪರದೆಯಲ್ಲಿ 'ಕಿಟಕಿಗಳ ನಡವಳಿಕೆ' ಎಂಬ ಹೆಸರಿತ್ತು. ಅದರ ಕೆಳಗೆ ಬರೀ ಬಿಳಿ. ಬಾಣ ಎಲ್ಲಿ ಕೂತಿದೆಯೆಂದು ಕಂಡಾಗ ಎಲ್ಲ ಅರ್ಥವಾಯಿತು. ಆದರೂ ಚೇತರಿಸಿಕೊಂಡು, "ಹೋಗ್ಲಿ ಬಿಡು, ಗುಂಪಲ್ಲಿದೆಯಲ್ಲ, ಅಲ್ಲಿಂದ ಎತ್ತಿ ಇಲ್ಲಿ ಹಾಕಿದ್ರಾಯ್ತು," ಎಂದ.

"ಅಳಿಸಿಬಿಟ್ಟೆ."

"ಯಾವುದನ್ನ?"

"ಅಷ್ಟನ್ನೂ."

ಒತ್ತಕ್ಷರ ಕುರ್ಚಿಯಲ್ಲಿ ಕುಸಿದ. ಮೂಲ ಎದುರಿಗಿತ್ತು ನಿಜ. ಆದರೆ ಒಂದೊಂದು ಸಾಲಿಗೆ ಬೆಳಗಿನಿಂದ ತೆತ್ತ ಹೊತ್ತನ್ನು ಎಲ್ಲಿಂದ ತರುವುದು? ಗಾಬರಿಗೆ ಒಂದು ಪದವೂ ನೆನಪಾಗಲೊಲ್ಲದು. ಐದು ಗಂಟೆ ಹತ್ತಿರವಾಗುತ್ತಿತ್ತು. ಹೆಂಡತಿಯ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ದೊಡ್ಡಮ್ಮನಿಗೆ ಕುಂಡದ ಜಗಳ ಮರೆತುಹೋಯಿತು.

"ಯಾಕಪ್ಪಾ ಹಂಗೆ ತಲೆ ಮೇಲೆ ಕೈ ಹೊತ್ಕೊಂಡು ಕೂತೆ? ನೀನು ಬರೆದಿದ್ದು ನಮ್ಮೆಲ್ಲರ ಬಾಯಲ್ಲೇ ಇದೆ. ಬೆಳಗಿಂದ ಅದನ್ನೇ ಮಾಡಿ ಮಾಡಿ ನಡು ಬಿದ್ದುಹೋಗಿದೆ. ಹೇಳ್ತೀವಿ, ಬರ್ಕೋ."

ಅಧ್ಯಕ್ಷರು ಸೀಟಿ ಊದಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಹೆಂಡತಿ ಕಂಪ್ಯೂಟರಿನ ಇಲಿಯನ್ನು ಅಲ್ಲಾಡದಂತೆ ಎರಡೂ ಕೈಯಲ್ಲಿ ಅದುಮಿ ಹಿಡಿದಳು. ಆ ಹಾಳು ಟಿಕ್ಕನ್ನು ಮೊದಲು ತೆಗೆಯಿರಿ ಎಂದರೆ ಒತ್ತಕ್ಷರ ಒಪ್ಪಲಿಲ್ಲ. ಅದನ್ನು ತೆಗೆಯುವುದು ಅಧ್ಯಾಯದ ಕೊನೆಯ ಸಾಲಿನಲ್ಲಿತ್ತು, ಆ ಸಾಲು ಬರುವ ಮುಂಚೆ ತೆಗೆದರೆ ಅನುಕ್ರಮ ತಪ್ಪುತ್ತದೆ.

ಜನ ಒಬ್ಬೊಬ್ಬರಾಗಿ ಹೇಳುತ್ತಾ ಹೋದರು. ಒಂದಕ್ಷರ ತಪ್ಪಲಿಲ್ಲ. "'ಎಳೆದು ತಂದು ಬಿಡಿ' ಆದ್ಮೇಲೆ 'ನಡುವೆ ಎತ್ತಬೇಡಿ' ಅಂತ ಸೇರಿಸಿ ಸಾರ್. ನಾನು ಮೊದಲು ಎತ್ತಿಬಿಟ್ಟಿದ್ದೆ," ಎಂದ ಟೈಲರ್, ಬೋನನ್ನು ತೊಡೆಯ ಮೇಲಿಟ್ಟುಕೊಂಡು.

"ತಟ್ಟಿದ್ಮೇಲೆ ಸ್ವಲ್ಪ ಕಾಯಿರಿ ಅಂತಾನೂ ಹಾಕು. ಒಳಗಿರೋರು ಎದ್ದು ಬರೋಕೆ ಹೊತ್ತು ಬೇಡ್ವಾ?" ಎಂದರು ದೊಡ್ಡಮ್ಮ.

ಎರಡೂ ಸರಿಯಾದ ಮಾತು. ಮೂಲದಲ್ಲೂ ಇರಲಿಲ್ಲ. ಒತ್ತಕ್ಷರ ಎರಡನ್ನೂ ಸೇರಿಸಿದ. ತಾನು ಬರೆದದ್ದನ್ನು ಜನ ಹೀಗೆ ಬಾಯಿಪಾಠ ಒಪ್ಪಿಸುವುದನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ. ಕೊನೆಯ ಸಾಲು ತಾನೇ ಬರೆದು, ಅದರಂತೆ ಟಿಕ್ ತೆಗೆದು, ಗಡುವು ಮುಗಿಯಲು ಉಸಿರು ಬಿಡುವಷ್ಟು ಹೊತ್ತಿರುವಾಗ ಸಂಪಾದಕರಿಗೆ ಕಳಿಸಿದ. ಮನೆಯೊಳಗೆ ಜಯಕಾರ ಎದ್ದಿತು. ಹೆಂಡತಿ ಅಷ್ಟೂ ಜನಕ್ಕೆ ಚಹಾಕ್ಕಿಟ್ಟಳು.

ಚಹಾ ಮುಗಿಯುವುದರೊಳಗೆ ಸಂಪಾದಕರ ಸಂದೇಶ ಬಂತು.

"ಜೋರಾಗಿ ಓದಿ ಮೇಡಂ!" ಎಂದರು ಅಧ್ಯಕ್ಷರು. ಹೆಂಡತಿ ಓದಿದಳು.

'ಮಾದರಿ ಅಧ್ಯಾಯ ಬಂತು. ಅದ್ಭುತವಾಗಿದೆ. ಓದುತ್ತಾ ಓದುತ್ತಾ ನನ್ನ ಕಂಪ್ಯೂಟರಿನಲ್ಲೂ ಹಾಗೇ ಮಾಡಿಕೊಂಡೆ. ಈಗ ಒತ್ತುವ ತಾಪತ್ರಯವೇ ಇಲ್ಲ.'

ಟೈಲರ್ ಕುಣಿದುಬಿಟ್ಟ. ಹೆಂಡತಿ ಮುಂದೆ ಓದಿದಳು. ಅವಳ ದನಿ ಇಳಿಯುತ್ತಾ ಬಂತು.

'ಪುಸ್ತಕದ ಕೆಲಸವನ್ನು ತಾವು ಹೇಳಿದಂತೆ ತಮ್ಮ ಷಡ್ಡಕರಿಗೇ ಒಪ್ಪಿಸಿ ಆಗಿದೆ. ಈ ಮನುಷ್ಯನಿಗೆ ಸದ್ಯಕ್ಕೆ ಹೇಳುವುದು ಬೇಡ. ಮಾದರಿಗೆಂದು ಇನ್ನೂ ಎರಡು ಅಧ್ಯಾಯ ಬರೆಸಿಕೊಳ್ಳೋಣ. ತಮ್ಮ ಷಡ್ಡಕರಿಗೆ ನೋಡಿಕೊಂಡು ಬರೆಯಲು ಅನುಕೂಲವಾಗುತ್ತದೆ.'



"ಯಾರಿಗಪ್ಪಾ ಷಡ್ಡಕ? ನಿನಗಾ?" ಎಂದರು ದೊಡ್ಡಮ್ಮ.

"ಅಲ್ಲ ದೊಡ್ಡಮ್ಮ. ಅವರು ಪ್ರಕಾಶನದ ಮಾಲೀಕರಿಗೆ ಬರೆದಿದ್ದು. ನನಗೆ ಬಂದಿದೆ." ಒತ್ತಕ್ಷರನಿಗೆ ಒಂದೇ ನೋಟಕ್ಕೆ ತಿಳಿದಿತ್ತು. "ಅವರ ಇಲಿ ಜರುಗಿದೆ."

ಹೌದೆಂಬಂತೆ ಇನ್ನೊಂದು ಬಂತು: 'ದಯವಿಟ್ಟು ಮೇಲಿನದನ್ನು ಓದಬೇಡಿ. ಅದು ಬೇರೆ ಕಿಟಕಿಗೆ.'

ಮೊದಲು ನಕ್ಕವರು ದೊಡ್ಡಮ್ಮ. ಆಮೇಲೆ ಟೈಲರ್, ಅಧ್ಯಕ್ಷರು, ಬಾಗಿಲಲ್ಲಿ ನಿಂತವರು. ಒತ್ತಕ್ಷರನಿಗೂ ನಗು ತಡೆಯಲಾಗಲಿಲ್ಲ. ಇವನ ಬರಹವನ್ನು ಅಕ್ಷರಶಃ ಪಾಲಿಸಿದ್ದಕ್ಕೇ ಸಂಪಾದಕರು ಸಿಕ್ಕಿಬಿದ್ದಿದ್ದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗ ಮೂರನೆಯದು ಬಂತು: 'ಇದನ್ನು ಮೊದಲಿನಂತೆ ಮಾಡುವುದು ಹೇಗೆ? ಮಾಲೀಕರಿಗೆ ಬರೆದದ್ದು ಲೇಖಕರಿಗೆ, ಲೇಖಕರಿಗೆ ಬರೆದದ್ದು ಮನೆಯವಳಿಗೆ ಹೋಗುತ್ತಿದೆ. ತುರ್ತಾಗಿ ತಿಳಿಸಿ.'

"ಹೇಳ್ಬೇಡ! ಒದ್ದಾಡಲಿ," ಎಂದರು ದೊಡ್ಡಮ್ಮ.

ಗಣಿತದ ಮೇಷ್ಟ್ರಮ್ಮನ ಲೆಕ್ಕ ಬೇರೆ ಇತ್ತು. "ರೀ, ಸುಮ್ನೆ ಯಾಕೆ ಹೇಳ್ತೀರಿ? ಇಡೀ ಪುಸ್ತಕ ನನಗೆ ಕೊಟ್ರೆ ಮಾತ್ರ ಹೇಳ್ತೀನಿ ಅಂತ ಬರೀರಿ. ಈಗ ಜುಟ್ಟು ನಮ್ಮ ಕೈಲಿದೆ."

ಒತ್ತಕ್ಷರನ ಮುಖ ಅರಳಿತು. ಜನ್ಮದಲ್ಲಿ ಮೊದಲ ಸಲ ಒಬ್ಬ ಸಂಪಾದಕರು ಅವನ ಎದುರು ಕೈಕಟ್ಟಿ ನಿಂತಿದ್ದರು. ಎದೆಯುಬ್ಬಿಸಿ ಕೂತು, ಈ ಸಲ ಪರದೆಯನ್ನೇ ನೋಡುತ್ತಾ, ಒಂದೊಂದೇ ಅಕ್ಷರ ಒತ್ತಿ ಬರೆದ: 'ಇಡೀ ಪುಸ್ತಕದ ಕೆಲಸ ನನಗೆ ಕೊಟ್ಟರೆ ಮಾತ್ರ ತಿಳಿಸಲಾಗುವುದು.' ಕಳಿಸಿ ಕುರ್ಚಿಯ ಬೆನ್ನಿಗೊರಗಿದ. ಎಲ್ಲರೂ ಪರದೆಯತ್ತ ಬಗ್ಗಿದರು. ಇಲಿ ಕೂಡ ಕಂಬಿ ಕಚ್ಚುವುದನ್ನು ನಿಲ್ಲಿಸಿತ್ತು.

ಉತ್ತರ ಬರಲು ತಡವಾಗಲಿಲ್ಲ.

'ಈಗ ಬೇಡ, ಸಿಕ್ಕಿತು. ನಿಮ್ಮ ಅಧ್ಯಾಯದ ಕೊನೆಯ ಸಾಲಿನಲ್ಲೇ ಇದೆಯಲ್ಲ! ಟಿಕ್ ತೆಗೆದೆ, ಎಲ್ಲ ಸರಿಹೋಯಿತು. ಎಷ್ಟು ಸ್ಪಷ್ಟವಾಗಿ ಬರೆದಿದ್ದೀರಿ, ಯಾರನ್ನೂ ಏನೂ ಕೇಳುವ ಅಗತ್ಯವೇ ಬೀಳುವುದಿಲ್ಲ.'

ಒತ್ತಕ್ಷರ ಕನ್ನಡಕ ಒರೆಸಿಕೊಂಡು, ಆ ಸಂದೇಶದಲ್ಲಿ ಒಂದಾದರೂ ತಪ್ಪು ಸಿಗುತ್ತದೆಯೇ ಎಂದು ಎರಡು ಸಲ ಹುಡುಕಿದ. ಒಂದೂ ಇರಲಿಲ್ಲ.